ಪೀಠ ಒಂದು, ಲೆಕ್ಕ ಮೂರು

ಪುಣೆಯಲ್ಲಿ ಮನೆಗಳ ಮರಗೆಲಸ ಮಾಡಿಸುವುದು ನನ್ನ ಉದ್ಯೋಗ. ಚೌತಿ ಹತ್ತಿರ ಬಂತೆಂದರೆ ಗಣಪತಿ ಕೂರಿಸಲು ಮೆಟ್ಟಿಲು ಪೀಠ ಬೇಕೆಂದು ಕನ್ನಡದ ಮನೆಗಳಿಂದಲೂ ಕರೆ ಬರುತ್ತದೆ. ಚಿಂಚವಾಡದಲ್ಲಿ ನೆಲೆಸಿದ ಹುಬ್ಬಳ್ಳಿ ಕಡೆಯ ಮನೆಯೊಂದಕ್ಕೆ ಮಾಡಿದ ಪೀಠ ಹೀಗಿತ್ತು: ಕೆಳಗೆ 4 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಎತ್ತರದ ಪೆಟ್ಟಿಗೆ; ಅದರ ಮೇಲೆ ನಟ್ಟನಡುವೆ, ಹಿಂದಿನ ಅಂಚಿಗೆ ತಾಗಿಸಿ, 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಇನ್ನೊಂದು.

ಪೀಠದ ಮೈಗೆ ಅಂಟಿಸುವ ಹೊಳಪಿನ ಹಾಳೆ, ಸನ್ಮೈಕಾ, ಎಷ್ಟು ಬೇಕು? ಹಾಳೆ 8×4 ಅಡಿ, ಅಂದರೆ 32 ಚದರ ಅಡಿ. ದೊಡ್ಡ ಪೆಟ್ಟಿಗೆಯ ಆರು ಮುಖಗಳು ಸೇರಿ 28, ಚಿಕ್ಕದರದು 10. ಒಟ್ಟು 38 ಎಂದು ಹಿಡಿದರೆ ಎರಡು ಹಾಳೆ ತರಬೇಕು. ಆದರೆ ಚಿಕ್ಕ ಪೆಟ್ಟಿಗೆಯ ತಳ ದೊಡ್ಡದರ ನೆತ್ತಿಯ 2 ಚದರ ಅಡಿಯನ್ನು ಮುಚ್ಚುತ್ತದೆ, ಆ ತಳವೂ ಕಾಣುವುದಿಲ್ಲ. ಹಾಗಾಗಿ ಕಳೆಯಬೇಕಾದದ್ದು 2 ಅಲ್ಲ, 4. ಉಳಿದದ್ದು 34.

ಒಂಬತ್ತನೇ ತರಗತಿಯ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. “ಕಾಕಾ, ಕಳೆಯದೆ ಮಾಡಲು ಬರುವುದಿಲ್ಲವೇ?” ಎಂದಳು. ಬರುತ್ತದೆ. ಮೇಲಿನಿಂದ ನೋಡು ಎಂದೆ: ಎರಡೂ ಮೆಟ್ಟಿಲು ಸೇರಿ ಕಾಣುವುದು 4×2, ಅಂದರೆ 8. ಮುಂದಿನಿಂದ 4ಕ್ಕೆ 2 ಸೇರಿ 6. ಪಕ್ಕದಿಂದ 2ಕ್ಕೆ 1 ಸೇರಿ 3. ಕೂಡಿದರೆ 17, ಎದುರು ಬದಿಗಳೂ ಅಷ್ಟೇ ಆದ್ದರಿಂದ ಅದರ ಎರಡರಷ್ಟು, 34. ಎರಡು ದಾರಿಯಲ್ಲೂ ಒಂದೇ ಉತ್ತರ ಬರುವವರೆಗೆ ನಾನು ಹಾಳೆಗೆ ಕತ್ತಿ ಹಾಕುವುದಿಲ್ಲ.

ಪರೀಕ್ಷೆಗೆ 34 ಸರಿ. ಅಂಗಡಿಗೆ ಹೋಗುವವನಿಗೆ ಅದೂ ಹೆಚ್ಚೇ. ನೆಲಕ್ಕೆ ತಾಗುವ 8, ಗೋಡೆಗೆ ಒತ್ತುವ 6 ಬಿಟ್ಟರೆ ಉಳಿಯುವುದು 20. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ಒಂದೇ ಹಾಳೆ ತಂದೆ. 4×1 ಅಡಿಯ ಎರಡು ಪಟ್ಟಿಗಳನ್ನು ಹಾಳೆಯ ಉದ್ದಕ್ಕೇ ಗುರುತು ಹಾಕಿದೆ; ಅಂಚು ಉಜ್ಜಲು ಸ್ವಲ್ಪ ಹೆಚ್ಚು ಬಿಡಬೇಕಲ್ಲ, ಹಾಳೆಯ ಅಗಲವೋ ಸರಿಯಾಗಿ 4 ಅಡಿಯೇ. ಮರದ ಗೆರೆಯಿರುವ ಹಾಳೆಯಾದರೆ ತುಂಡುಗಳನ್ನು ಮನಬಂದಂತೆ ತಿರುಗಿಸಲಾಗದು. ಆಗ ಚದರ ಅಡಿಯ ಲೆಕ್ಕವೊಂದೇ ಸಾಲುವುದಿಲ್ಲ, ಕಾಗದದ ಮೇಲೆ ತುಂಡುಗಳನ್ನು ಜೋಡಿಸಿ ನೋಡಲೇಬೇಕು.

ಹುಡುಗಿಗೆ ಇನ್ನೊಂದು ಮಾತನ್ನೂ ಹೇಳಿದೆ. ಎರಡು ಕಂಬಗಳ ನಡುವೆ ಸಂದು ಬಿಟ್ಟ ಆಕಾರವಾದರೆ ಸಂದಿನೊಳಗಿನ ಎರಡು ಗೋಡೆಗಳು ಪಕ್ಕದಿಂದ ಕಾಣುವುದಿಲ್ಲ. ಅಲ್ಲಿ ನೋಟದ ಲೆಕ್ಕ ಕಡಿಮೆ ಬೀಳುತ್ತದೆ, ಆ ಎರಡನ್ನೂ ಬೇರೆಯಾಗಿ ಅಳೆದು ಸೇರಿಸಬೇಕು.