ಹೊಟ್ಟೇಲಿ ಜೋರು ಬಡಿತ, ಸೊಂಟ ನೋವು, ಕಾಲು ಊತ ಒಟ್ಟಿಗೇ ಬಂದ್ರೆ ಏನ್ ಮಾಡ್ಬೇಕು

ನಮ್ ತೀರ್ಥಹಳ್ಳಿ, ಹೊಸನಗರ ಕಡೆ ವಯಸ್ಸಾದೋರಿಗೆ ಸೊಂಟ ನೋವು ಅಂದ್ರೆ ತೋಟದ ಕೆಲಸದ್ದು ಅಂತ, ಹೊಟ್ಟೆ ನೋವು ಅಂದ್ರೆ ಗ್ಯಾಸ್ ಅಂತ ಕಷಾಯ ಕುಡಿಸಿ ಮಲಗಿಸಿಬಿಡ್ತೀವಿ, ಆದ್ರೆ ಇದೊಂದು ಗೊತ್ತಿರ್ಲಿ. ಹೊಟ್ಟೆ ಹಿಂಭಾಗದಲ್ಲಿ ಹಾರ್ಟಿಂದ ರಕ್ತ ತರೋ ದೊಡ್ಡ ನಾಳ ಮಹಾಪಧಮನಿ, ಅದರ ಬಲಕ್ಕೆ ಒತ್ಕೊಂಡೇ ರಕ್ತ ಹಾರ್ಟಿಗೆ ವಾಪಸ್ ಒಯ್ಯೋ ಮಹಾ ಅಭಿಧಮನಿ. ಧಮನಿ ಬಲೂನ್ ತರ ಊದ್ಕೊಂಡು ಪಕ್ಕದ ಅಭಿಧಮನಿಗೇ ತೂತು ಬಿದ್ರೆ ಜೋರು ಒತ್ತಡದ ರಕ್ತ ಕಾಲಿಗೆ, ಕಿಡ್ನಿಗೆ ಸರಿಯಾಗಿ ಹೋಗ್ದೆ ನೇರ ಹಾರ್ಟಿಗೆ ವಾಪಸ್ ನುಗ್ಗುತ್ತೆ. ತುಂಬಾ ಅಪರೂಪ, ಆದ್ರೆ ಜೀವಕ್ಕೇ ಅಪಾಯ.

ಹೊಟ್ಟೆ ಮೇಲೆ ಹಗುರಾಗಿ ಅಂಗೈ ಇಡಿ, ಒತ್ಲೇಬೇಡಿ. ತೋಟದ ಪಂಪ್ ಆನ್ ಇದ್ದಾಗ ಪೈಪ್ ಮುಟ್ಟಿದಂಗೆ ಝುಮ್ಮನ್ನೋ ನಡುಕ ಸಿಗಬಹುದು, ಡಾಕ್ಟ್ರು ಸ್ಟೆತಸ್ಕೋಪ್ ಇಟ್ರೆ ನಿಲ್ಲದೇ ಮಷಿನ್ ಓಡೋ ಶಬ್ದ ಕೇಳುತ್ತೆ. ಇವು ಎಲ್ಲರಲ್ಲೂ ಇರಲ್ಲ. ಜೊತೆಗೆ ಏದುಸಿರು, ಎರಡೂ ಕಾಲು ಊತ, ಮೂತ್ರದಲ್ಲಿ ರಕ್ತ, ಮೂತ್ರ ಕಮ್ಮಿ ಆಗೋದು. ಬೀಡಿ ಸಿಗರೇಟು ಸೇದೋ, ಬಿಪಿ ಇರೋ, 65 ದಾಟಿದ ಗಂಡಸರಾದ್ರೆ ಇನ್ನೂ ಹುಷಾರು. ಬೆನ್ನಿನ ಡಿಸ್ಕ್ ಆಪರೇಷನ್ ಆಗಿದ್ರೆ, ಹೊಟ್ಟೆಗೆ ಚಾಕು ಗಾಯ ಆಗಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ.

ಎಣ್ಣೆ ಹಚ್ಚಿ ತಿಕ್ಕೋದು ಬೇಡ, ಬೆಳಗಾಗ್ಲಿ ಮಳೆ ನಿಲ್ಲಲಿ ಅಂತ ಕಾಯೋದಂತೂ ಬೇಡವೇ ಬೇಡ. 108ಕ್ಕೆ ಫೋನ್ ಮಾಡಿ, ಸಿಟಿ ಆಂಜಿಯೋ (ರಕ್ತನಾಳದ ಸ್ಕ್ಯಾನ್) ಮತ್ತೆ ರಕ್ತನಾಳದ ಸರ್ಜನ್ ಎಲ್ಲಿದಾರೆ ಅಂತ ಕೇಳ್ಕೊಂಡೇ ಹೊರಡಿ, ಶಿವಮೊಗ್ಗವೋ ಮಣಿಪಾಲವೋ, ಯಾಕಂದ್ರೆ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದ್ಮೇಲೆ ವಾಪಸ್ ತಿರುಗೋಕೆ ಟೈಮಿರಲ್ಲ. ಆಪರೇಷನ್ ಮಾಡಿ ಇಲ್ಲಾ ತೊಡೆಯ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಕೊಳವೆ) ಹಾಕಿ ತೂತು ಮುಚ್ತಾರೆ.