ಶಾಲೆಗೊಂದು ಫೋಲ್ಡರ್: ಹಾಸನದ ಕಚೇರಿಯಲ್ಲಿ ನಾನು ಮಾಡಿಕೊಂಡ ವ್ಯವಸ್ಥೆ

ಹಾಸನ, ಅರಸೀಕೆರೆ, ಆಲೂರು ಮತ್ತು ಸಕಲೇಶಪುರಗಳಲ್ಲಿ ಶಾಲೆ ನಡೆಸುವ ಒಂದು ವಿದ್ಯಾಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗದ ಹೊಣೆ ನನ್ನದು. ಆಡಳಿತ ಮಂಡಳಿ ಒಂದೇ ಆಗಿರುವುದರಿಂದ ನಾಲ್ಕೂ ಶಾಲೆಗಳ ಮಕ್ಕಳ ಮತ್ತು ಶುಲ್ಕದ ಮಾಹಿತಿಯೂ ಕಂಪ್ಯೂಟರಿನಲ್ಲಿ ಒಂದೇ ಕಡೆ ಇರಲಿ ಎಂಬ ಮಾತು ಮೊದಲು ಬಂದಿತ್ತು. ಆದರೆ ಶಿಕ್ಷಣ ಇಲಾಖೆಯ ದೃಷ್ಟಿಯಲ್ಲಿ ಪ್ರತಿ ಶಾಲೆಯೂ ಬೇರೆ: ಪ್ರತಿಯೊಂದಕ್ಕೂ ಯುಡೈಸ್ ಎಂಬ, ಶಾಲೆಯನ್ನು ಗುರುತಿಸುವ 11 ಅಂಕಿಗಳ ತನ್ನದೇ ಸಂಖ್ಯೆಯಿದೆ, ದಾಖಲಾತಿ ವಹಿ ಬೇರೆ, ವರ್ಗಾವಣೆ ಪತ್ರದ ಕ್ರಮಸಂಖ್ಯೆಯೂ ಬೇರೆ. ಕಾಗದದಲ್ಲಿ ಬೇರೆಯಾಗಿರುವುದನ್ನು ಕಂಪ್ಯೂಟರಿನಲ್ಲಿ ಬೆರೆಸಬಾರದು ಎಂದು ನಾನು ಪಟ್ಟು ಹಿಡಿದು, ಶಾಲೆಗೊಂದು ಫೋಲ್ಡರ್ ಮಾಡಿದೆ.

ದಾಖಲಾತಿ, ಶುಲ್ಕಗಳನ್ನು ನಮೂದಿಸುವ ನಮ್ಮ ಶಾಲಾ ತಂತ್ರಾಂಶ ಅನುಸ್ಥಾಪನೆಯ (ಇನ್‌ಸ್ಟಾಲ್ ಮಾಡುವ) ಹೊತ್ತಿನಲ್ಲಿ ಮಾಹಿತಿಯನ್ನು ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಒಳಗೇ ಇಡಲು ಹೊರಡುತ್ತದೆ. ಇದಕ್ಕೆ ಒಪ್ಪಬಾರದು. ವಿಂಡೋಸ್ ವಿಸ್ಟಾದಿಂದ ಈಚೆಗೆ, ಹಳೆಯ ಮಾದರಿಯ ತಂತ್ರಾಂಶವೊಂದು ಸಾಮಾನ್ಯ ಬಳಕೆದಾರರ ಖಾತೆಯಿಂದ ಅಲ್ಲಿ ಬರೆಯಲು ಹೋದರೆ, ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ಆಯಾ ಬಳಕೆದಾರರ ವರ್ಚುವಲ್‌ಸ್ಟೋರ್ ಎಂಬ ಜಾಗಕ್ಕೆ ತಿರುಗಿಸಿಬಿಡುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಒಬ್ಬ ಗುಮಾಸ್ತರು ನಮೂದಿಸಿದ ಶುಲ್ಕ ಮಧ್ಯಾಹ್ನ ಬೇರೆ ಖಾತೆಯಿಂದ ಕುಳಿತವರಿಗೆ ಕಾಣದಿರುವುದು ಇದರಿಂದಲೇ. ಹಾಗಾಗಿ ಡಿ ಡ್ರೈವಿನಲ್ಲಿ ಒಂದು ಮೂಲ ಫೋಲ್ಡರ್ ತೆರೆದು, ಅದರೊಳಗೆ ಊರಿನ ಹೆಸರಿನ ನಂತರ ಯುಡೈಸ್ ಸಂಖ್ಯೆ ಸೇರಿಸಿ ನಾಲ್ಕು ಫೋಲ್ಡರ್ ಮಾಡಿದೆ. ನಾಲ್ಕೂ ಒಂದೇ ಜಿಲ್ಲೆಯವಾದ್ದರಿಂದ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳು ಒಂದೇ ಆಗಿರುತ್ತವೆ. ಊರಿನ ಹೆಸರು ಮೊದಲಿದ್ದರೆ ಕಣ್ಣು ತಪ್ಪುವುದಿಲ್ಲ. ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದೆ, ಏಕೆಂದರೆ ಹಳೆಯ ತಂತ್ರಾಂಶಗಳು ಕನ್ನಡ ಹೆಸರಿನ ಫೋಲ್ಡರನ್ನು ಎಷ್ಟೋ ಸಲ ಗುರುತಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಕ್ಕಳ ಭಾವಚಿತ್ರಗಳ ವಿಷಯದಲ್ಲಿ. ತಂತ್ರಾಂಶವು ಪ್ರತಿ ಚಿತ್ರಕ್ಕೂ ಮಗುವಿನ ದಾಖಲಾತಿ ಸಂಖ್ಯೆಯನ್ನೇ ಹೆಸರಾಗಿ ಕೊಡುತ್ತದೆ. ಆಲೂರಿನಲ್ಲೂ 412 ಇದೆ, ಸಕಲೇಶಪುರದಲ್ಲೂ 412 ಇದೆ. ಮಾಹಿತಿಯ ಕಡತ ಬೇರೆ ಮಾಡಿ ಚಿತ್ರಗಳ ಜಾಗವನ್ನು ಮಾತ್ರ ಹಂಚಿಕೊಂಡರೆ, ಎರಡನೆಯ ಚಿತ್ರ ಮೊದಲನೆಯದನ್ನು ಅಳಿಸಿ ಕೂರುತ್ತದೆ. ಗುರುತಿನ ಚೀಟಿ ಮುದ್ರಣವಾಗುವ ತನಕ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಚಿತ್ರ, ಶಾಲೆಯ ಲಾಂಛನ, ಮುಖ್ಯೋಪಾಧ್ಯಾಯರ ಸಹಿ ಎಲ್ಲವನ್ನೂ ಆಯಾ ಶಾಲೆಯ ಫೋಲ್ಡರಿನೊಳಗೇ ಇಟ್ಟು, ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಅವು ಇರುವ ಜಾಗದ ವಿಳಾಸಗಳನ್ನು ಒಂದೊಂದಾಗಿ ಬದಲಿಸಿದೆ. ಪ್ರತಿ ಶಾಲೆಗೂ ಬೇರೆ ಶಾರ್ಟ್‌ಕಟ್, ಪರದೆಯ ಮೇಲ್ತುದಿಯಲ್ಲಿ ದೊಡ್ಡದಾಗಿ ಊರಿನ ಹೆಸರು.

ಫೋಲ್ಡರಿನ ಅನುಮತಿಯನ್ನು ಆಯಾ ಗುಮಾಸ್ತರ ಖಾತೆಗೆ ಮಾತ್ರ ಕೊಟ್ಟಿದ್ದೇನೆ.

ಬ್ಯಾಕಪ್ ಸಂಜೆ, ಎಲ್ಲರೂ ತಂತ್ರಾಂಶ ಮುಚ್ಚಿದ ಮೇಲೆಯೇ. ನಮ್ಮ ಮಾಹಿತಿ ಇರುವುದು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ದತ್ತಸಂಚಯ ತಂತ್ರಾಂಶದ ಮಾದರಿಯ ಕಡತದಲ್ಲಿ; ಯಾರಾದರೂ ತೆರೆದಿದ್ದರೆ ಪಕ್ಕದಲ್ಲಿ ಅದೇ ಹೆಸರಿನ ಪುಟ್ಟ ಲಾಕ್ ಕಡತವೊಂದು ಸಾಮಾನ್ಯವಾಗಿ ಕಾಣಿಸುತ್ತದೆ, ಅದಿರುವಾಗ ತೆಗೆದ ನಕಲನ್ನು ನಂಬಲಾಗದು. ಆ ಕಡತದ ಮಿತಿ 2 ಜಿಬಿ ಎಂಬುದೂ ಚಿತ್ರಗಳನ್ನು ಹೊರಗಿಡಲು ಇನ್ನೊಂದು ಕಾರಣ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ವಿದ್ಯುತ್ತನ್ನಾಗಲಿ ಅಂತರ್ಜಾಲವನ್ನಾಗಲಿ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ, ಆ ಶಾಲೆಯ ದಿನಬಳಕೆಯ ಫೋಲ್ಡರ್ ಮಾತ್ರ ಅಲ್ಲಿನ ಕಂಪ್ಯೂಟರಿನಲ್ಲೇ ಇದ್ದು, ವಾರಕ್ಕೊಮ್ಮೆ ಅದರ ನಕಲು ಹಾಸನಕ್ಕೆ ಬರುತ್ತದೆ. ಬಂದ ನಕಲನ್ನು ಪರೀಕ್ಷೆಗೆಂದೇ ಇಟ್ಟ ಐದನೆಯ ಫೋಲ್ಡರಿನಲ್ಲಿ ತೆರೆದು, ಕೊನೆಯ ರಸೀದಿ ಸಂಖ್ಯೆಯನ್ನು ಫೋನಿನಲ್ಲಿ ಕೇಳಿ ತಾಳೆ ನೋಡುತ್ತೇನೆ.

ಈ ವ್ಯವಸ್ಥೆಯಿಂದ ಒಂದು ಕೆಲಸ ಹೆಚ್ಚಾಗಿದೆ. ಆಲೂರಿನ ಮಗು ಹಾಸನದ ನಮ್ಮದೇ ಪ್ರೌಢಶಾಲೆಗೆ ಬಂದರೂ ಅಲ್ಲಿ ವರ್ಗಾವಣೆ ಪತ್ರ ತೆಗೆದು ಇಲ್ಲಿ ಹೊಸದಾಗಿ ದಾಖಲಿಸಬೇಕು. ರಾಜ್ಯದ ಶಿಕ್ಷಣ ಇಲಾಖೆಯ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೆ ಸಿಗುವ ಸ್ಯಾಟ್ಸ್ ಸಂಖ್ಯೆ ಮಾತ್ರ ಅದೇ ಇರುವುದರಿಂದ ಅದನ್ನೇ ಕೊಂಡಿಯಾಗಿ ಇಟ್ಟುಕೊಂಡಿದ್ದೇನೆ. ಮಂಡಳಿ ಕೇಳುವ ಒಟ್ಟು ಶುಲ್ಕದ ಲೆಕ್ಕಕ್ಕೆ ತಿಂಗಳ ಕೊನೆಯಲ್ಲಿ ನಾಲ್ಕೂ ಕಡೆಯ ಮೊತ್ತವನ್ನು ಎಕ್ಸೆಲ್‌ಗೆ ಇಳಿಸಿ ಒಂದೇ ಹಾಳೆಯಲ್ಲಿ ಕೂಡಿಸುತ್ತೇನೆ.