ಮೊಡವೆಗೆ ಮೂರು ತಿಂಗಳು ಕೊಡಿ

ಅಕ್ಕನ ಮಗಳಿಗೆ ಹದಿನೈದು ತುಂಬಿದ ವರ್ಷ, ಧಾರವಾಡದ ನಮ್ಮ ಅಡುಗೆಮನೆಯ ಅರ್ಧ ಸಾಮಾನು ಅವಳ ಮುಖಕ್ಕೇ ಹೋಯಿತು. ಕಡಲೆಹಿಟ್ಟಾಯಿತು, ಟೂತ್‌ಪೇಸ್ಟ್ ಆಯಿತು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದ ದಿನ ಕೆನ್ನೆ ಸುಟ್ಟು ಕಪ್ಪಾಯಿತು. ಎಲ್ಲಕ್ಕೂ ಉಷ್ಣವೇ ಕಾರಣ, ಮೊದಲು ಶೇಂಗಾ ಬಿಡಿಸಿ ಎಂದು ಅಜ್ಜಿ ತೀರ್ಪು ಕೊಟ್ಟರು.

ಶೇಂಗಾದ್ದೇನೂ ತಪ್ಪಿಲ್ಲ. ಹರೆಯದಲ್ಲಿ ಆಂಡ್ರೋಜೆನ್ ಎಂಬ ‘ಗಂಡು’ ಹಾರ್ಮೋನು ಏರುತ್ತದೆ, ಹುಡುಗಿಯರಲ್ಲೂ. ಚರ್ಮದ ಗ್ರಂಥಿಗಳು ಜಿಡ್ಡು ಹೆಚ್ಚಿಸುತ್ತವೆ, ಕೂದಲ ಬುಡದ ರಂಧ್ರ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಗುಳ್ಳೆ ಕೆಂಪಗೆ ಊದುತ್ತದೆ. ಸಕ್ಕರೆ, ಮೈದಾ ಅತಿಯಾದರೆ ಕೆಲವರಿಗೆ ಮೊಡವೆ ಹೆಚ್ಚಬಹುದು. ಹಾಗಾಗಿ ಮಂಡಕ್ಕಿಯ ಗಿರ್ಮಿಟ್‌ಗಿಂತ ಪೇಡೆಯ ಮೇಲೆ ಕಣ್ಣಿಡುವುದು ವಾಸಿ. ಧಾರವಾಡದವಳಾಗಿ ಇದನ್ನು ಹೇಳಲು ಸಂಕಟವೇ.

ಮೊದಲು ತೊಳೆಯುವ ವಿಚಾರ. ದಿನಕ್ಕೆ ಎರಡು ಸಲ, ಸೌಮ್ಯ ಫೇಸ್‌ವಾಶ್, ಬರೀ ಬೆರಳಿನಿಂದ. ಬ್ಲ್ಯಾಕ್‌ಹೆಡ್‌ನ ಕಪ್ಪು ಬಣ್ಣ ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ಸೋಪು ನೊರೆ ಬಿಡದು. ಅದಕ್ಕೇ ಇನ್ನಷ್ಟು ತಿಕ್ಕಿ ಚರ್ಮ ಬಿರಿಸಿಕೊಳ್ಳುವವರು ಬಹಳ. ಎರಡು ಜಡೆಗೆ ಬಳಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದರೆ ಅಂಚಿನುದ್ದಕ್ಕೂ ಸಣ್ಣ ಗುಳ್ಳೆಗಳು ಸಾಲುಗಟ್ಟುತ್ತವೆ. ಎಣ್ಣೆಯನ್ನು ತಲೆಸ್ನಾನಕ್ಕೆ ಮುಂಚೆ ಹಚ್ಚಿ, ತೊಳೆದುಬಿಡಿ.

ಎರಡನೆಯದು ಔಷಧ. ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಶೇ 0.1ರ ಅಡಾಪಲೀನ್ ಜೆಲ್, ಶೇ 2.5ರ ಬೆಂಜೋಯಿಲ್ ಪೆರಾಕ್ಸೈಡ್, ಅಥವಾ ಎರಡನ್ನೂ. ಅಡಾಪಲೀನ್ ರಾತ್ರಿಗೆ. ಮುಖ ಪೂರ್ತಿ ಒಣಗಿದ ಮೇಲೆ ಒಂದು ಬಟಾಣಿ ಕಾಳಿನಷ್ಟು ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗದ್ದಕ್ಕೆ ಚುಕ್ಕೆಯಿಟ್ಟು ತೆಳ್ಳಗೆ ಹರಡಿ. ಕಣ್ಣು, ತುಟಿಯಂಚು ಬಿಡಿ. ಕಂಡ ಮೊಡವೆಗಷ್ಟೇ ಹಚ್ಚಿದರೆ ಸಾಲದು, ನಾಳಿನ ಮೊಡವೆ ಪಕ್ಕದ ಚರ್ಮದಡಿ ಆಗಲೇ ಕಟ್ಟುತ್ತಿರುತ್ತದೆ. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಇರಲಿ. ಹಗಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕು. ಇಲ್ಲದಿದ್ದರೆ ಮೊಡವೆ ಹೋದರೂ ಕಪ್ಪು ಕಲೆ ಕೂತುಬಿಡುತ್ತದೆ.

ಬೆಂಜೋಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ನಮ್ಮ ಹುಡುಗಿಯ ನೀಲಿ ಟವೆಲ್ ಮೇಲೆ ಕೇಸರಿ ಮಚ್ಚೆಗಳು ಎದ್ದಾಗ, ಬ್ಲೀಚಿಂಗ್ ಪುಡಿ ಚೆಲ್ಲಿದವರು ಯಾರೆಂದು ಮನೆಯಲ್ಲಿ ಎರಡು ದಿನ ವಿಚಾರಣೆ ನಡೆಯಿತು. ಟವೆಲ್, ದಿಂಬಿನ ಚೀಲ ಬಿಳಿಯವೇ ಇರಲಿ.

ಕಷ್ಟವಿರುವುದು ಕಾಯುವುದರಲ್ಲಿ. ಮೊದಲ ವಾರಗಳಲ್ಲಿ ಚರ್ಮ ಚುರುಗುಟ್ಟಿ ಸಿಪ್ಪೆ ಏಳುತ್ತದೆ, ಮೊಡವೆ ಹೆಚ್ಚಾದಂತೆಯೂ ಕಾಣಬಹುದು. ಫಲ ಗೊತ್ತಾಗಲು 8ರಿಂದ 12 ವಾರ ಬೇಕು. ಎಷ್ಟೋ ಮಕ್ಕಳು ಮೂರನೆಯ ವಾರಕ್ಕೇ ಕೈಬಿಡುತ್ತಾರೆ. ಮೊದಲ ದಿನವೇ ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆದಿಡಿ, ಮೊಬೈಲ್‌ನ ಬ್ಯೂಟಿ ಮೋಡ್ ಆರಿಸಿ.

ಆ ಮೂರನೆಯ ವಾರದಲ್ಲೇ ಗೆಳತಿಯೊಬ್ಬಳು ಅಂಗಡಿಯ ಟ್ಯೂಬ್ ತಂದುಕೊಡುತ್ತಾಳೆ. ಮೂರು ದಿನದಲ್ಲಿ ಕೆಂಪು ಇಳಿದು ಮುಖ ಬೆಳ್ಳಗಾದರೆ ಅನುಮಾನಪಡಿ. ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದು ಬರೆದಿದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟ ಕೂಡಲೇ ಮೊಡವೆ ಮೊದಲಿಗಿಂತ ಜೋರಾಗಿ ಮರಳುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿದೆ. ಆದರೂ ಕೌಂಟರಿನಲ್ಲಿ ಕೇಳಿದರೆ ಸಿಗುತ್ತವೆ.

ಒಳಗೆ ಗಟ್ಟಿಯಾಗಿ ನೋಯುವ ಗಂಟು, ಗುಳಿ ಬೀಳುತ್ತಿರುವ ಕಲೆ, ಹುಡುಗಿಯರಲ್ಲಿ ಮುಟ್ಟಿನ ಏರುಪೇರಿನ ಜೊತೆ ಗದ್ದದ ಮೇಲೆ ಒರಟು ಕೂದಲು, ಇವು ಕಂಡರೆ ಮೂರು ತಿಂಗಳು ಕಾಯಬೇಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌, ಗದಗದ ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಕರೆದೊಯ್ಯಿರಿ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ವೈದ್ಯರ ನಿಗಾದಲ್ಲಷ್ಟೇ ನಡೆಯಬೇಕು. ಗರ್ಭಿಣಿ ನುಂಗಿದರೆ ಮಗುವಿಗೆ ತೀವ್ರ ಹಾನಿಯಾಗುತ್ತದೆ.

ಹುಬ್ಬಳ್ಳಿಯವರಿಗೆ ಒಂದು ಮಾತು: ಬಣ್ಣವಾಡುವ ರಂಗಪಂಚಮಿಗೆ ಎರಡು ರಾತ್ರಿ ಮುಂಚೆ ಜೆಲ್ ನಿಲ್ಲಿಸಿ, ಬಣ್ಣ ಹೋಗಲೆಂದು ಸೀಮೆಎಣ್ಣೆ ಮುಟ್ಟಬೇಡಿ, ಉರಿ ಇಳಿದ ಮೇಲೆ ಮತ್ತೆ ಬಟಾಣಿ ಕಾಳಿನಷ್ಟರಿಂದ ಶುರು ಮಾಡಿ.